ಮುರ್ನೌ ಚಿತ್ರಗಳು: ಯಾವ ಪ್ರತಿ, ಯಾವ ವೇಗ?

ಸರ್, ಜರ್ಮನ್ ನಿರ್ದೇಶಕ ಮುರ್ನೌ ಅವರ ಮೂಕಿ ಚಿತ್ರ ‘ನೊಸ್ಫೆರಾಟು’ವಿನ ಆ 63 ನಿಮಿಷದ ಪ್ರತಿಯನ್ನು ಫಿಲ್ಮ್ ಸೊಸೈಟಿಯಲ್ಲಿ ಹಾಕಬೇಡಿ. ಪಾತ್ರಗಳು ಓಡುವ ಹಾಗೆ ನಡೆಯುತ್ತವೆ, ರಕ್ತಪಿಶಾಚಿ ಹಾಡಹಗಲೇ ತಿರುಗುತ್ತಾನೆ ಅಂದಿರಲ್ಲ, ಅದು ಮುರ್ನೌ ತಪ್ಪಲ್ಲ, ಪ್ರತಿಯ ತಪ್ಪು.

1922ರಲ್ಲಿ ಚಿತ್ರದ ಉದ್ದ 1,967 ಮೀಟರ್. 35 ಎಂಎಂ ಫಿಲ್ಮಿನಲ್ಲಿ ಮೀಟರಿಗೆ ಸುಮಾರು 52.5 ಫ್ರೇಮ್, ಅಂದರೆ ಬಿಡಿಚಿತ್ರ. ಸೆಕೆಂಡಿಗೆ 18 ಫ್ರೇಮಿನಂತೆ ಓಡಿಸಿದರೆ ಹತ್ತಿರಹತ್ತಿರ 96 ನಿಮಿಷ, ಟಾಕಿ ವೇಗವಾದ 24ರಲ್ಲಿ 72. ನಿಮ್ಮ ಪ್ರತಿಯನ್ನು 24ರ ವೇಗದಲ್ಲಿ ವಿಡಿಯೊಗೆ ಇಳಿಸಿದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ವೇಗ 0.75 ಇಡಿ, ನಡಿಗೆ ಸರಿಯಾಗುತ್ತದೆ, ಅವಧಿ 84 ನಿಮಿಷಕ್ಕೆ ಬರುತ್ತದೆ. ಆದರೂ ಹತ್ತು-ಹನ್ನೆರಡು ನಿಮಿಷದ ದೃಶ್ಯ ಇರುವುದಿಲ್ಲ. ಸಂಗೀತ ಎಳೆದಂತಾಗುವುದರಿಂದ ಧ್ವನಿ ಮುಚ್ಚಬೇಕು.

ಇಷ್ಟು ತುಂಡಾಗಲು ಕಾರಣ ಕೋರ್ಟು. ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಕಾದಂಬರಿಯ ಹಕ್ಕು ಪಡೆಯದೆ ಚಿತ್ರ ತೆಗೆದಿದ್ದರಿಂದ ಅವರ ಪತ್ನಿ ದಾವೆ ಹೂಡಿದರು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡಲು ಆದೇಶವಾಯಿತು. ಉಳಿದದ್ದು ಹೊರದೇಶಗಳಿಗೆ ಹೋಗಿದ್ದ, ಅಲ್ಲಲ್ಲಿ ಕತ್ತರಿ ಬಿದ್ದ ಪ್ರತಿಗಳು.

ಹಗಲಿನ ವಿಷಯ: ಆಗಿನ ಫಿಲ್ಮಿಗೆ ರಾತ್ರಿಯ ಬೆಳಕು ಸಾಲುತ್ತಿರಲಿಲ್ಲ. ಬಿಸಿಲಲ್ಲೇ ತೆಗೆದು ಪ್ರತಿಗೆ ನೀಲಿ ಬಣ್ಣ ಹಾಕುತ್ತಿದ್ದರು. ಅದನ್ನು ಕಪ್ಪುಬಿಳುಪಿಗೆ ನಕಲು ಮಾಡಿದಾಗ ನೀಲಿ ಹೋಯಿತು, ಜೊತೆಗೆ ರಾತ್ರಿಯೂ ಹೋಯಿತು. ಬಣ್ಣ ಮತ್ತು ಈ ಚಿತ್ರಕ್ಕೆಂದೇ ಹಾನ್ಸ್ ಎರ್ಡ್‌ಮನ್ ಬರೆದ ಸಂಗೀತ ಎರಡೂ ಇರುವ, ಮುರ್ನೌ ಪ್ರತಿಷ್ಠಾನ ಸರಿಪಡಿಸಿದ 94 ನಿಮಿಷದ ಪ್ರತಿ ತರಿಸಿ. ದೃಶ್ಯಗಳ ನಡುವೆ ಬರುವ ಬರಹದ ಫಲಕಗಳಲ್ಲಿ ಪಾತ್ರಗಳ ಹೆಸರು ‘ಓರ್ಲಾಕ್’, ‘ಹುಟ್ಟರ್’ ಎಂದಿರಬೇಕು. ಕಾದಂಬರಿಯಲ್ಲಿರುವಂತೆ ‘ಡ್ರಾಕುಲಾ’, ‘ಹಾರ್ಕರ್’ ಎಂದಿದ್ದರೆ ಬೇರೆಯವರು ತಿದ್ದಿದ್ದು.

ಮುರ್ನೌ ಪರಿಚಯಕ್ಕೆ ಇಷ್ಟು ಹೇಳಿದರೆ ಸಾಕು: 1888ರಲ್ಲಿ ಬೀಲೆಫೆಲ್ಡ್‌ನಲ್ಲಿ ಜನನ, ಹುಟ್ಟುಹೆಸರು ಪ್ಲುಂಪೆ, ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರಲ್ಲಿ ರಂಗಭೂಮಿಯ ತರಬೇತಿ, ಮೊದಲ ಮಹಾಯುದ್ಧದಲ್ಲಿ ವಾಯುದಳ, ಆಮೇಲೆ ಸಿನಿಮಾ.

ಎರಡನೆಯ ದಿನಕ್ಕೆ ‘ದ ಲಾಸ್ಟ್ ಲಾಫ್’ (1924) ಇಡಿ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ ಇದೇ. ಹೋಟೆಲ್ ಬಾಗಿಲು ಕಾಯುವವನನ್ನು ಶೌಚಾಲಯದ ಕೆಲಸಕ್ಕೆ ಇಳಿಸಿದ ಕಥೆಯನ್ನು ಕಥೆ ಹೇಳುವ ಬರಹದ ಫಲಕ ಒಂದೇ ಒಂದಿಟ್ಟು ಹೇಳಿದ್ದಾರೆ. ಮೊದಲ ಶಾಟಿನಲ್ಲಿ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಅವರ ಕ್ಯಾಮೆರಾ ಲಿಫ್ಟಿನಲ್ಲಿ ಇಳಿದು, ಸೈಕಲ್ ಮೇಲೆ ಹಜಾರ ದಾಟುತ್ತದೆ. ತಡವಾಗಿ ಬಂದವರಿಗೆ ಇದು ತಪ್ಪಿಹೋಗುತ್ತದೆ, ಬಾಗಿಲು ಮುಚ್ಚಿಯೇ ಶುರುಮಾಡಿ.

‘ಸನ್‌ರೈಸ್’ಗೆ (1927) ಮಾತ್ರ ವೇಗ ಇಳಿಸಬೇಡಿ. ಹಾಲಿವುಡ್‌ನಲ್ಲಿ ಫಾಕ್ಸ್‌ಗಾಗಿ ತೆಗೆದ ಇದರ ಸಂಗೀತ ಫಿಲ್ಮಿನ ಮೇಲೇ ಅಚ್ಚಾಗಿದೆ, 24ರಲ್ಲೇ ಓಡಬೇಕು. ಧ್ವನಿಪಟ್ಟಿಗೆ ಜಾಗ ಬಿಟ್ಟಿದ್ದರಿಂದ ಚೌಕಟ್ಟು ಹೆಚ್ಚುಕಡಿಮೆ ಚೌಕ (1.19:1), ಪ್ರೊಜೆಕ್ಟರ್‌ನಲ್ಲಿ ಪರದೆ ತುಂಬಿಸುವ ‘ಫಿಲ್’ ಒತ್ತಿದರೆ ತಲೆಗಳು ಹಾರುತ್ತವೆ.

ಪಟ್ಟಿಯಲ್ಲಿರುವ ‘4 ಡೆವಿಲ್ಸ್’ (1928) ತೆಗೆದುಹಾಕಿ, ಅದರ ಪ್ರತಿಯೇ ಉಳಿದಿಲ್ಲ. ಆ ಜಾಗಕ್ಕೆ ‘ಟಾಬು’ ಹಾಕಬಹುದು. ಅದರ ಬಿಡುಗಡೆಗೆ ಒಂದು ವಾರ ಮೊದಲು, 1931ರ ಮಾರ್ಚ್ 11ರಂದು, ಕಾರು ಅಪಘಾತದಲ್ಲಿ ಗಾಯಗೊಂಡಿದ್ದ ಮುರ್ನೌ ತೀರಿಕೊಂಡರು.