ಬಾದಾಮಿ, ಪಟ್ಟದಕಲ್ಲು, ಐಹೊಳೆ ಒಂದೇ ದಿನದಲ್ಲಿ ನೋಡೋಕಾಗುತ್ತಾ? ಎಲ್ಲಿಂದ ಶುರು ಮಾಡಬೇಕು?

ಆಗುತ್ತೆ, ಆದರೆ ಓಡಾಟ ಜಾಸ್ತಿ. ಬಾದಾಮಿಯಲ್ಲೇ ಉಳಿದು ಬೆಳಿಗ್ಗೆ ಬೇಗ ಹೊರಡಿ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೊಂದು 13 ಕಿ.ಮೀ. ಇರಬಹುದು.

ಮೊದಲು ಐಹೊಳೆಗೇ ಹೋಗಿಬಿಡಿ. ಬಿಸಿಲೇರುವ ಮುಂಚೆ ಮೇಗುಟಿ ಗುಡ್ಡ ಹತ್ತಿ. ಮೇಲಿನ ಜೈನ ಗುಡಿಯ ಗೋಡೆಯಲ್ಲಿ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯನ್ನು ಹೊಗಳುವ ಕವಿ ರವಿಕೀರ್ತಿಯ ಶಾಸನವಿದೆ, ಕಾಲ 634. ಕೆಳಗಿರುವ ದುರ್ಗ ಗುಡಿಗೂ ದುರ್ಗಾದೇವಿಗೂ ಸಂಬಂಧವಿಲ್ಲ. ಪಕ್ಕದ ಕೋಟೆಯಿಂದ, ಅಂದರೆ ದುರ್ಗದಿಂದ, ಆ ಹೆಸರು ಬಂತು.

ಪಟ್ಟದಕಲ್ಲಿನಲ್ಲಿ ಸಮಯವನ್ನೆಲ್ಲ ವಿರೂಪಾಕ್ಷ ಗುಡಿಗೆ ಇಡಿ. ಅದೇ ಚಾಲುಕ್ಯ ವಂಶದ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ತಮಾಷೆ ಅಂದ್ರೆ, ಗೆದ್ದ ರಾಜ ಕಂಚಿಯ ಕೈಲಾಸನಾಥ ಗುಡಿಯನ್ನು ದೋಚಲಿಲ್ಲ. ಅಲ್ಲಿನ ಸಂಪತ್ತನ್ನು ದೇವರಿಗೇ ಬಿಟ್ಟೆ ಎಂದು ಆ ಗುಡಿಯಲ್ಲೇ ಕನ್ನಡದಲ್ಲಿ ಶಾಸನ ಬರೆಸಿದ! ವಿರೂಪಾಕ್ಷದ ಒಳಗಿನ ಕಂಬಗಳ ಹತ್ತಿರ ನಿಂತು ನೋಡಿ, ರಾಮಾಯಣ, ಮಹಾಭಾರತದ ಕತೆಗಳು ಸಾಲುಸಾಲಾಗಿ ಸಿಗುತ್ತವೆ.

ಬಾದಾಮಿ ಗುಹೆಗಳು ಮಧ್ಯಾಹ್ನದ ಮೇಲೆ. ಮೊದಲನೆಯದರಲ್ಲಿ ಹದಿನೆಂಟು ಕೈಯ ನಟರಾಜ. ಮೂರನೆಯದು 578ರದ್ದು, ನನಗೆ ಅದೇ ಎಲ್ಲಕ್ಕಿಂತ ಇಷ್ಟ. ಕೈಯಲ್ಲಿ ತಿಂಡಿ ಪೊಟ್ಟಣ ಮಾತ್ರ ಹಿಡಿಯಬೇಡಿ, ಕೋತಿಗಳು ಕಿತ್ಕೊಂಡೇ ಹೋಗ್ತವೆ. ನನ್ನ ಬಾಳೆಹಣ್ಣು ಹೋದದ್ದು ಹಾಗೇ.

ಊಟಕ್ಕೆ ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಬಳಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ಸಿಗುತ್ತೆ.