ನಿಮ್ಮ ಯು4 ದಾರಿಯಲ್ಲೇ ಇರುವ ವಿಯೆನ್ನಾ

ನಮಸ್ಕಾರ. ಕೆಲಸದ ನಿಮಿತ್ತ ಕುಟುಂಬಸಮೇತ ವಿಯೆನ್ನಾಕ್ಕೆ ಬಂದು ಹ್ಯೂಟೆಲ್‌ಡಾರ್ಫ್‌ನಲ್ಲಿ ಮನೆ ಹಿಡಿದಿರುವ ನೀವು, ಈ ಊರು ಬರೀ ಅರಮನೆಗಳ ಪ್ರದರ್ಶನದಂತೆ ಕಾಣುತ್ತದೆ, ಇಲ್ಲಿ ಮನಸ್ಸು ನೆಲೆಗೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಬಹುಕಾಲದಿಂದ ಇಲ್ಲಿರುವ ನನ್ನ ಸಲಹೆಯೆಂದರೆ, ಅರಮನೆಗಳನ್ನು ಸದ್ಯಕ್ಕೆ ಬದಿಗಿಟ್ಟು, ನೀವು ದಿನವೂ ಹತ್ತುವ ಯು4 ಮೆಟ್ರೊ ರೈಲಿನ ಹಳೆಯ ನಿಲ್ದಾಣಗಳನ್ನು ಗಮನವಿಟ್ಟು ನೋಡಿ.

1890ರ ದಶಕದ ಕೊನೆಯಲ್ಲಿ ನಗರ ರೈಲಾಗಿ ಆರಂಭವಾದ ಆ ಮಾರ್ಗದ ನಿಲ್ದಾಣ, ಸೇತುವೆ, ಕಟಕಟೆಗಳನ್ನು ರೂಪಿಸಿದವರು ವಾಸ್ತುಶಿಲ್ಪಿ ಒಟ್ಟೊ ವಾಗ್ನರ್. ಗತಕಾಲದ ಶೈಲಿಗಳ ನಕಲಿನಿಂದ ಬೇಸತ್ತ ಕಲಾವಿದರು ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ ಅವರ ಅಧ್ಯಕ್ಷತೆಯಲ್ಲಿ 1897ರಲ್ಲಿ ಕಟ್ಟಿದ 'ಸೆಸೆಷನ್' ಬಳಗವನ್ನು ವಾಗ್ನರ್ ಅವರೂ 1899ರಲ್ಲಿ ಸೇರಿದರು. ಕೆಟೆನ್‌ಬ್ರ್ಯುಕೆನ್‌ಗಾಸೆ ನಿಲ್ದಾಣದಲ್ಲಿ ಇಳಿದರೆ, ಮುಂಭಾಗವಿಡೀ ಹೂಬಳ್ಳಿಯ ಟೈಲ್ಸ್ ಹೊದ್ದ ಅವರ ಮಯೋಲಿಕಾ ಹೌಸ್ ಕಾಣುತ್ತದೆ. ನಾಶ್‌ಮಾರ್ಕ್ಟ್ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತ ಮುಂದೆ ನಡೆದರೆ, ಯೋಸೆಫ್ ಓಲ್ಬ್ರಿಖ್ ಕಟ್ಟಿದ ಸೆಸೆಷನ್ ಭವನ ಎದುರಾಗುತ್ತದೆ. ಅದರ ಸ್ವರ್ಣಪತ್ರಗಳ ಗುಮ್ಮಟವನ್ನು ಊರ ಜನ ಎಲೆಕೋಸೆಂದು ಹಂಗಿಸಿದ್ದರು. ಬಾಗಿಲ ಮೇಲಿನ ಬರಹ, ಕಾಲಕ್ಕೆ ಅದರದೇ ಕಲೆ ಬೇಕು, ಕಲೆಗೆ ಅದರದೇ ಸ್ವಾತಂತ್ರ್ಯ ಬೇಕು ಎಂದು ಸಾರುತ್ತದೆ.

ಆದರೆ ಕ್ಲಿಮ್ಟ್‌ರ ಹೊಂಬಣ್ಣದ ಚಿತ್ರಗಳಿಗಿಂತಲೂ ನನಗೆ ಹತ್ತಿರವಾದದ್ದು ವಾಗ್ನರ್‌ರ ಅಂಚೆ ಉಳಿತಾಯ ಬ್ಯಾಂಕು. 1904ರಿಂದ 1906ರವರೆಗೆ ಅದರ ಮೊದಲ ಭಾಗ ಎದ್ದು ನಿಂತಿತು. ಗೋಡೆಗೆ ಹೊದಿಸಿದ ಅಮೃತಶಿಲೆಯ ಹಲಗೆಗಳ ಮೇಲೆ ಬೋಲ್ಟುಗಳ ಅಲ್ಯೂಮಿನಿಯಂ ತಲೆಗಳನ್ನು ಮುಚ್ಚಿಡದೆ ಅವುಗಳನ್ನೇ ಅಲಂಕಾರವಾಗಿಸಿದ್ದಾರೆ. ವ್ಯವಹಾರದ ಹಜಾರಕ್ಕೆ ಗಾಜಿನ ಮಾಡು, ಕೆಳಗಿನ ಅಂತಸ್ತಿಗೂ ಬೆಳಕು ಇಳಿಯಲೆಂದು ನೆಲಕ್ಕೂ ಗಾಜಿನ ಇಟ್ಟಿಗೆ, ಬಿಸಿಗಾಳಿ ಬರಲು ನೆಟ್ಟಗೆ ನಿಂತ ಅಲ್ಯೂಮಿನಿಯಂ ಕಂಬಗಳು. ಸಣ್ಣ ಮೊತ್ತ ಉಳಿಸುವ ಜನರಿಗಾಗಿ ಇದ್ದ ಬ್ಯಾಂಕಿಗೆ ಇಷ್ಟು ಆಸ್ಥೆಯಿಂದ ಒಬ್ಬರು ಯೋಚಿಸಿದ್ದಾರಲ್ಲ ಎಂಬುದೇ ನನ್ನನ್ನು ಈ ಊರಿಗೆ ಒಲಿಸಿತು.

ಎಲ್ಲರ ಆಶಯವೂ ಹೀಗೆ ಜನರನ್ನು ಮುಟ್ಟಲಿಲ್ಲವೆನ್ನಿ. ಯೋಸೆಫ್ ಹಾಫ್‌ಮನ್ ಮತ್ತು ಕೊಲೊಮನ್ ಮೋಸರ್ 1903ರಲ್ಲಿ ಆರಂಭಿಸಿದ 'ವೀನರ್ ವೆರ್ಕ್‌ಶ್ಟೇಟೆ' ಕಾರ್ಯಾಗಾರವು ಚಮಚ, ಕುರ್ಚಿ, ಬಟ್ಟೆಗಳನ್ನೂ ಕಲೆಯಾಗಿಸಲು ಹೊರಟಿತು. ಕೈಯಿಂದಲೇ ತಯಾರಾಗುತ್ತಿದ್ದ ಆ ವಸ್ತುಗಳು ಸಿರಿವಂತರಿಗಷ್ಟೇ ಎಟುಕಿದವು, ಹಣದ ಮುಗ್ಗಟ್ಟಿನಿಂದ 1932ರಲ್ಲಿ ಅದು ಮುಚ್ಚಿತು. ಅವನ್ನು ನೋಡಲು ಬ್ಯಾಂಕಿನಿಂದ ನಡೆದೇ ಹೋಗಬಹುದಾದ ಅನ್ವಯಿಕ ಕಲೆಗಳ ವಸ್ತುಸಂಗ್ರಹಾಲಯಕ್ಕೆ ಮಗಳನ್ನೂ ಕರೆದೊಯ್ಯಿರಿ. ಅದೂ ಸೇರಿದಂತೆ ಒಕ್ಕೂಟ ಸರ್ಕಾರದ ವಸ್ತುಸಂಗ್ರಹಾಲಯಗಳಲ್ಲಿ 19 ವರ್ಷ ತುಂಬದವರಿಗೆ ಪ್ರವೇಶ ಉಚಿತ.