ಚಿತ್ರದುರ್ಗ ಅಂತ ಸರಿಯಾಗಿ ಬರೆಸುವುದೂ ನನ್ನ ಕೆಲಸ

ನೀವು ಚಿತ್ರದುರ್ಗದವರು, ಬಿಇ ಕೊನೇ ವರ್ಷ. ಡೆವಲಪರ್ ಅಡ್ವೊಕೇಟ್ ಅಂದ್ರೆ ಕೋಡ್ ಬರೆಯೋರಾ ಮಾರ್ಕೆಟಿಂಗ್‌ನವರಾ, ಊರಲ್ಲಿದ್ದುಕೊಂಡು ಆ ಕೆಲಸ ಆಗುತ್ತಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯ ನಮ್ಮ ಮನೆಯಿಂದಲೇ ಐದು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ಕೋಡ್ ಬರೆಯುತ್ತೇನೆ. ಅದಕ್ಕಿಂತ ಹೆಚ್ಚಾಗಿ ಬೇರೆಯವರ ಕೋಡ್ ಓದುತ್ತೇನೆ. ಮಾರಾಟದ ಗುರಿ ಅಂತ ನನಗೆ ಯಾರೂ ಕೊಟ್ಟಿಲ್ಲ.

ನಮ್ಮ ಕಡೆ ಅಡ್ವೊಕೇಟ್ ಅಂದರೆ ಕೋರ್ಟಿನ ವಕೀಲರು. ಇಲ್ಲೂ ಹೆಚ್ಚುಕಡಿಮೆ ಅದೇ ಅರ್ಥ. ನಮ್ಮ ಎಪಿಐ (ಒಂದು ಪ್ರೋಗ್ರಾಮ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ದಾರಿ) ಬಳಸುವ ಹೊರಗಿನ ಡೆವಲಪರ್‌ಗಳ ಪರವಾಗಿ ಕಂಪನಿಯ ಒಳಗೆ ವಾದ ಮಾಡಬೇಕು.

ನಮ್ಮದು ವೆಬ್‌ಸೈಟಿನ ಚಿತ್ರಗಳಿಗೆ ಸಂಬಂಧಪಟ್ಟ ಎಪಿಐ. ನಮ್ಮೂರಿನ ಒಂದು ಸೀರೆ ಅಂಗಡಿಯ ಸೈಟನ್ನೇ ತಗೊಳ್ಳಿ. ಫೋನಿನಲ್ಲಿ ತೆಗೆದ ಫೋಟೊಗಳನ್ನು ಇದ್ದ ಹಾಗೇ ಹಾಕಿದ್ದರು. ಒಂದೊಂದೂ 4000 × 3000, ಅಂದರೆ 1.2 ಕೋಟಿ ಪಿಕ್ಸೆಲ್. ಫೈಲು ನಾಲ್ಕೈದು ಎಂಬಿ ಇರಬಹುದು, ಆದರೆ ಬ್ರೌಸರ್ ಅದನ್ನು ಬಿಡಿಸಿ ತೋರಿಸುವಾಗ ಪಿಕ್ಸೆಲ್ಲಿಗೆ 4 ಬೈಟಿನಂತೆ 48 ಎಂಬಿ ಮೆಮೊರಿ ಬೇಕು. ಪುಟದಲ್ಲಿ ಅಂಥ ಇಪ್ಪತ್ತು ಸೀರೆ ಇದ್ದರೆ ಕಡಿಮೆ ಬೆಲೆಯ ಫೋನಿನ ಗತಿ ನೀವೇ ಊಹಿಸಿ. 1080 ಪಿಕ್ಸೆಲ್ ಅಗಲ ಕೊಟ್ಟರೆ ಫೋನಿನಲ್ಲಿ ಸೆರಗಿನ ಜರಿಯೂ ಚೆನ್ನಾಗಿ ಕಾಣುತ್ತದೆ. ಚಿತ್ರದ ವಿಳಾಸದ ಕೊನೆಗೆ ಬೇಕಾದ ಅಗಲ ಬರೆದರೆ ನಮ್ಮ ಸರ್ವರ್ ಆ ಅಳತೆಗೆ ಇಳಿಸಿ ಕೊಡುತ್ತದೆ. ಬ್ರೌಸರ್ ತನಗೆ ಯಾವ ಫಾರ್ಮ್ಯಾಟ್ ಗೊತ್ತು ಅಂತ ಕೋರಿಕೆಯ ಜೊತೆ ಕಳಿಸುವ ಆಕ್ಸೆಪ್ಟ್ ಹೆಡರ್ ಅನ್ನುವ ಸಾಲಿನಲ್ಲಿ ಹೇಳಿರುತ್ತದೆ. ಅದನ್ನು ನೋಡಿ 2019ರ ಏವಿಐಎಫ್, 2010ರ ವೆಬ್‌ಪಿ, ಎರಡೂ ಆಗದಿದ್ದರೆ 1992ರ ಜೆಪೆಗ್ ಹೋಗುತ್ತದೆ. ಉತ್ತರದ ಜೊತೆ ‘ವೇರಿ: ಆಕ್ಸೆಪ್ಟ್’ ಅನ್ನುವ ಸಾಲು ಇರಲೇಬೇಕು. ಇಲ್ಲದಿದ್ದರೆ ನಡುವೆ ಪ್ರತಿ ಉಳಿಸಿಕೊಂಡು ಹಂಚುವ ಕ್ಯಾಶ್ ಹೊಸ ಫೋನಿಗೆ ಕೊಟ್ಟ ಏವಿಐಎಫ್ ಅನ್ನೇ ಹಳೇ ಫೋನಿಗೂ ಕೊಟ್ಟುಬಿಡುತ್ತದೆ, ಅಲ್ಲಿ ಸೀರೆಯೇ ಕಾಣುವುದಿಲ್ಲ. ಇಂಥದ್ದನ್ನೆಲ್ಲ ಜನಕ್ಕೆ ತಿಳಿಯುವ ಹಾಗೆ ಬರೆದು, ಓಡುವ ಉದಾಹರಣೆ ಕೋಡ್ ಸಮೇತ ಇಡುವುದು ಈ ಕೆಲಸದ ಒಂದು ಭಾಗ.

ಇನ್ನೊಂದು ಭಾಗ ನಿಮ್ಮ ಊರಿನ ಹೆಸರಿನಿಂದಲೇ ಗೊತ್ತಾಗುತ್ತದೆ.

ಚಿತ್ರದ ಮೇಲೆ ಅಕ್ಷರ ಬರೆಸುವ ಸೌಲಭ್ಯ ನಮ್ಮ ಎಪಿಐಯಲ್ಲಿದೆ. ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದರೆ ಮೇಲೆ ಒಂದು ಚಿತ್ರ ಬರುತ್ತಲ್ಲ, ಅಂಥವನ್ನು ಮಾಡಿಕೊಳ್ಳಲು ಬಳಸುತ್ತಾರೆ. ಎರಡು ವರ್ಷದ ಹಿಂದೆ ನಿಮ್ಮೂರಿನ ಹುಡುಗರೊಬ್ಬರು ಕೋಟೆ ನೋಡಲು ಬರುವವರಿಗಾಗಿ ಸೈಟ್ ಮಾಡುತ್ತಿದ್ದರು. ಏಳು ಸುತ್ತಿನ ಕೋಟೆಯ ಒಳ್ಳೇ ಫೋಟೊ, ಅದರ ಮೇಲೆ ಊರ ಹೆಸರು. ಬಂದದ್ದು ‘ಚಿತ್‌ರದುರ್‌ಗ’ ಅಂತ. ಚಕಾರದ ಗುಡಿಸು ಕೂಡ ಅಂಟಿಕೊಳ್ಳದೆ ಪಕ್ಕದಲ್ಲಿ ನಿಂತಿತ್ತು. ಫಾಂಟ್ ಬದಲಿಸಿ ನೋಡಿ ಅಂತ ನಮ್ಮ ಸಪೋರ್ಟಿನವರು ಹೇಳಿದ್ದರಂತೆ. ಆ ಹುಡುಗರು ನಾಲ್ಕು ಫಾಂಟ್ ಬದಲಿಸಿ, ಕೊನೆಗೆ ನನಗೆ ಬರೆದರು.

ತಪ್ಪು ಫಾಂಟಿನದ್ದಾಗಿರಲಿಲ್ಲ. ಚಿತ್ರದುರ್ಗ ಅನ್ನುವುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ ಅದು ಹತ್ತು ಸಂಕೇತ: ಚ, ಗುಡಿಸು, ತ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ರ, ದ, ಕೊಂಬು, ರ, ವಿರಾಮ, ಗ. ಈ ಹತ್ತನ್ನು ಕೂಡಿಸಿ ತಕಾರದ ಕೆಳಗೆ ಒತ್ತು ಇಡಬೇಕು. ‘ರ್ಗ’ ಇನ್ನೂ ಕಷ್ಟ. ಉಚ್ಚಾರದಲ್ಲೂ ಸಂಕೇತದಲ್ಲೂ ರ ಮೊದಲು, ಬರೆಯುವಾಗ ಮಾತ್ರ ಗ ಮೊದಲು ಬಂದು ಅರ್ಕಾವತ್ತು ಆಮೇಲೆ ಕೂರುತ್ತದೆ. ಈ ಜೋಡಣೆಯನ್ನು ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಹಾರ್ಫ್‌ಬಜ್ ಅನ್ನುವ ಲೈಬ್ರರಿ ಮಾಡುತ್ತದೆ. ನಮ್ಮ ಸರ್ವರಿನಲ್ಲಿ ಅದಿರಲಿಲ್ಲ. ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತಿತ್ತು. ಹಾಗೆ ಇಟ್ಟರೆ ಅರ್ಕಾವತ್ತು ಎಂದಿಗೂ ಮೂಡುವುದಿಲ್ಲ.

ಸರಿಯಾದ ಚಿತ್ರ, ತಪ್ಪಾದ ಚಿತ್ರ, ಆ ತಪ್ಪನ್ನು ಮತ್ತೆ ಮಾಡಿ ತೋರಿಸುವ ಇಪ್ಪತ್ತು ಸಾಲಿನ ಕೋಡ್ ಇಷ್ಟನ್ನೂ ಸೇರಿಸಿ ಇಂಜಿನಿಯರಿಂಗ್ ತಂಡಕ್ಕೆ ಕೊಟ್ಟೆ. ಕನ್ನಡದಲ್ಲಿ ಬರೆಸುವ ಗ್ರಾಹಕರು ಎಷ್ಟು ಜನ ಅಂತ ಕೇಳಿದರು. ನನಗೆ ಆ ಪ್ರಶ್ನೆ ನೋವು ಮಾಡಿತು, ಅದನ್ನು ಮುಚ್ಚಿಡುವುದಿಲ್ಲ. ಒಡೆದ ಅಕ್ಷರ ಬರುವ ಕಡೆ ಗ್ರಾಹಕರು ನಿಲ್ಲುವುದಾದರೂ ಹೇಗೆ? ಒಂದು ವಾರ ಕೂತು ತೆಲುಗು, ಮಲಯಾಳಂ, ತಮಿಳು, ಹಿಂದಿ, ಬಂಗಾಳಿಯ ಪದಗಳನ್ನೂ ಅದೇ ಕೋಡಿನಲ್ಲಿ ಓಡಿಸಿದೆ. ಎಲ್ಲವೂ ಒಡೆದವು. ಆಗ ಅವರಿಗೂ ಮನವರಿಕೆಯಾಯಿತು. ಸರಿಪಡಿಸಲು ಮೂರು ತಿಂಗಳು ಹಿಡಿಯಿತು. ಈಗ ಆ ಭಾಗದ ಕೋಡ್ ಯಾರೇ ಮುಟ್ಟಲಿ, ಪರೀಕ್ಷೆಯಲ್ಲಿ ಮೊದಲ ಪದ ಚಿತ್ರದುರ್ಗ. ಅದು ಸರಿಯಾಗಿ ಮೂಡದೆ ಹೊಸ ಆವೃತ್ತಿ ಹೊರಗೆ ಹೋಗುವುದಿಲ್ಲ.

ಉಳಿದ ದಿನಗಳು ಇಷ್ಟು ದೊಡ್ಡದಾಗಿರುವುದಿಲ್ಲ. 429 ಅನ್ನುವ ದೋಷಸಂಖ್ಯೆ ಯಾಕೆ ಬರುತ್ತಿದೆ ಅಂತ ಕೇಳಿದವರಿಗೆ, ನಿಮಿಷಕ್ಕೆ ಇಷ್ಟೇ ಕೋರಿಕೆ ಅನ್ನುವ ಮಿತಿ ದಾಟಿದ್ದೀರಿ, ಸ್ವಲ್ಪ ಬಿಟ್ಟು ಕಳಿಸಿ ಅಂತ ಹೇಳುವುದು. ಗುಟ್ಟಾಗಿರಬೇಕಾದ ಎಪಿಐ ಕೀಯನ್ನು (ಪಾಸ್ವರ್ಡಿನಂಥದ್ದು) ಎಲ್ಲರಿಗೂ ಕಾಣುವ ಪುಟದ ಜಾವಾಸ್ಕ್ರಿಪ್ಟಿನಲ್ಲೇ ಬರೆದವರಿಗೆ ಎಚ್ಚರಿಸುವುದು.

ದಾವಣಗೆರೆಯಲ್ಲಿ ಕೂತು ಇದು ಚೆನ್ನಾಗಿಯೇ ನಡೆಯುತ್ತದೆ. ಫೈಬರ್ ಇಂಟರ್‌ನೆಟ್ ಇದೆ, ಕರೆಂಟ್ ಹೋದರೆ ಯುಪಿಎಸ್. ಮೀಟಿಂಗು ಹೆಚ್ಚಾಗಿ ರಾತ್ರಿ. ತಿಂಗಳಿಗೊಮ್ಮೆ ಬೆಂಗಳೂರಿಗೆ ರೈಲು. ಇಲ್ಲಿನ ಕಾಲೇಜುಗಳಲ್ಲಿ ಕನ್ನಡದಲ್ಲೇ ಪಾಠ ಹೇಳುತ್ತೇನೆ. ಹಿಂದಿನ ಬೆಂಚಿನವರು ಎದ್ದು ಪ್ರಶ್ನೆ ಕೇಳುವುದು ಆಗಲೇ. ಆದರೆ ಕಾಲೇಜು ಮುಗಿಸಿದ ಕೂಡಲೇ ಈ ಕೆಲಸಕ್ಕೆ ಬರಬೇಡಿ ಅನ್ನುತ್ತೇನೆ. ಎರಡು ಮೂರು ವರ್ಷ ಎಲ್ಲಾದರೂ ಡೆವಲಪರ್ ಆಗಿ ದುಡಿಯಿರಿ. ರಾತ್ರಿ ಹನ್ನೊಂದಕ್ಕೆ ಕೆಟ್ಟು ನಿಂತ ಕೋಡಿನ ಮುಂದೆ ಕೂತು ಗೊತ್ತಿಲ್ಲದವರು ಆ ಸ್ಥಿತಿಯಲ್ಲಿರುವವರ ಪರ ಮಾತಾಡುವುದು ಕಷ್ಟ.

ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ಪೈಥಾನಿನ ಪಿಲ್ಲೋ ಲೈಬ್ರರಿ, ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿಕೊಳ್ಳಿ. ಪಿಲ್ಲೋದಲ್ಲಿ ಅಕ್ಷರ ಜೋಡಣೆಗೆ ಬೇಸಿಕ್, ರಾಕ್ಮ್ ಅಂತ ಎರಡು ವಿಧಾನಗಳಿವೆ. ಎರಡರಲ್ಲೂ ನಿಮ್ಮೂರಿನ ಹೆಸರು ಬರೆಸಿ, ವ್ಯತ್ಯಾಸ ಯಾಕೆ ಅಂತ ನಿಮ್ಮ ತರಗತಿಯವರಿಗೆ ಅರ್ಥವಾಗುವಂತೆ ಒಂದು ಪುಟ ಬರೆಯಿರಿ. ಬರೆದದ್ದನ್ನು ಇಲ್ಲೇ ಕೆಳಗೆ ಹಾಕಿ, ಖಂಡಿತ ಓದುತ್ತೇನೆ.